ತಂತಿಗೆ ಚುಚ್ಚಿಟ್ಟ ಚೀಟಿಗಳು: ಯಾದಗಿರಿ ಜಿಲ್ಲೆಯ ಒಂದು ಕೆರೆಯ ಪ್ರಕರಣ

ಈ ಪ್ರಕರಣ ನನಗೆ ಶುರುವಾದದ್ದು ಒಂದು ಸಾವಿನ ಮನೆಯಲ್ಲಿ. ಚಳಿಗಾಲದ ಒಂದು ಬೆಳಗಿನ ಜಾವ. ರಾತ್ರಿ ಬಿಟ್ಟ ಬಲೆ ಎತ್ತಲು ಹೋದ ಮೀನುಗಾರನೊಬ್ಬ ಬಲೆಗೆ ಕಾಲು ಸಿಕ್ಕಿ, ತೆಪ್ಪದಿಂದ ಬಿದ್ದು ತೀರಿಕೊಂಡಿದ್ದ. ನಲವತ್ತರ ಆಸುಪಾಸು. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಂದೆ. ಆ ತಂದೆಯನ್ನು ಊರಲ್ಲಿ ಎಲ್ಲರೂ ಮುತ್ಯಾ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಊರಿನ ಹೆಸರು, ಕೆರೆಯ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಯಾದಗಿರಿ ಜಿಲ್ಲೆ ಅನ್ನುವಷ್ಟು ಸಾಕು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ನಾನು ಆಗ ಅರೆ ಕಾನೂನು ಸ್ವಯಂಸೇವಕಿಯಾಗಿ, ಅಂದರೆ ವಕೀಲೆಯಲ್ಲದಿದ್ದರೂ ಕಾನೂನು, ಅರ್ಜಿಗಳ ವಿಷಯದಲ್ಲಿ ಜನರಿಗೆ ನೆರವಾಗುವವಳಾಗಿ ಕೆಲಸ ಮಾಡುತ್ತಿದ್ದೆ. ವಿಮೆ ಅರ್ಜಿ ಬರೆದುಕೊಡಿ ಅಂತ ಕರೆದಿದ್ದರು. ಅದು ಸುಲಭದ ಕೆಲಸ ಅಂದುಕೊಂಡೇ ಹೋದೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಅಪಘಾತ ವಿಮೆ ಇದೆ. ಕೆಲಸದಲ್ಲಿ ಸತ್ತರೆ 5 ಲಕ್ಷ ರೂಪಾಯಿ. ಕಂತನ್ನು ಪೂರಾ ಸರ್ಕಾರವೇ ಕಟ್ಟುತ್ತದೆ, ಮೀನುಗಾರ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿರಬೇಕು. ಈ ಕೆರೆಯ ಪಟ್ಟಿ ಹೋಗಿದ್ದು ಊರಿನ ಮೀನುಗಾರರ ಸಹಕಾರ ಸಂಘದಿಂದ. ಅದರಲ್ಲಿ ತೀರಿಕೊಂಡವನ ಹೆಸರಿರಲಿಲ್ಲ.

"ಇಪ್ಪತ್ತ್ ವರ್ಷ ಕೆರ್ಯಾಗ ದುಡದಾನ್ರಿ ನನ್ನ ಮಗ. ಹೆಸರ ಯಾಕ ಇಲ್ಲ?" ಮುತ್ಯಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಲು ಒಂದೂವರೆ ವರ್ಷ ಬೇಕಾಯಿತು.

ಕೆರೆ ಯಾರದು?

ಊರಲ್ಲಿ ಅರುವತ್ತು ಚಿಲ್ಲರೆ ಮೀನುಗಾರ ಮನೆಗಳಿವೆ. ಹೆಚ್ಚಿನವರು ಕಬ್ಬಲಿಗರು. ಮನೆ ಮನೆಯಲ್ಲೂ ಅಂಬಿಗರ ಚೌಡಯ್ಯನವರ ಫೋಟೊ ಇದೆ. ಒಂದೆರಡು ಎಕರೆ ಒಣಭೂಮಿ ಇರುವವರು ಕೆಲವರು, ಅದರಲ್ಲಿ ತೊಗರಿ ಅಥವಾ ಹತ್ತಿ. ಉಳಿದವರಿಗೆ ಕೆರೆಯೇ ಹೊಲ. ಕೆರೆ ತುಂಬಿದ ವರ್ಷ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ನೀರು ಇಳಿದಾಗ ಕೊರಮೀನು, ಜಿಲೇಬಿ. ಕೆರೆ ಬತ್ತಿದ ವರ್ಷ ಗುಳೆ: ಬೆಂಗಳೂರು, ಪುಣೆ, ಹೈದರಾಬಾದು, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿ.

ದೊಡ್ಡ ಕೆರೆಗಳ ಮೀನು ಹಕ್ಕನ್ನು ಐದು ವರ್ಷಕ್ಕೆ ಗುತ್ತಿಗೆ ಕೊಡುವ ಪದ್ಧತಿ ಇದೆ. ಮೀನುಗಾರರ ಸಹಕಾರ ಸಂಘ ಇದ್ದರೆ ಅದಕ್ಕೆ ಆದ್ಯತೆ. ಇದರ ಹಿಂದಿನ ಉದ್ದೇಶ ಒಳ್ಳೆಯದೇ. ದುಡ್ಡಿದ್ದವನು ಹರಾಜಿನಲ್ಲಿ ಕೆರೆ ಹಿಡಿದು, ಮೀನುಗಾರನನ್ನು ಕೂಲಿ ಮಾಡಬಾರದು ಅಂತ. ಈ ಊರಲ್ಲಿ ಸಂಘವೂ ಇತ್ತು, ಗುತ್ತಿಗೆಯೂ ಸಂಘದ ಹೆಸರಲ್ಲೇ ಇತ್ತು. ಆದರೂ ಮೀನುಗಾರ ಕೂಲಿಯೇ ಆಗಿದ್ದ.

ಹೇಗೆ ಅಂದರೆ, ಗುತ್ತಿಗೆ ಹಣ ಕಟ್ಟುತ್ತಿದ್ದವನು ಪಟ್ಟಣದ ಒಬ್ಬ ಮೀನು ವ್ಯಾಪಾರಿ. ಮೀನುಮರಿ ತಂದು ಬಿಡುತ್ತಿದ್ದವನೂ ಅವನೇ. ಕೆರೆ ದಂಡೆಯಲ್ಲಿ ತಕ್ಕಡಿ ಇಟ್ಟವನೂ ಅವನೇ. ಜನ ಅವನನ್ನು ಸಾವಕಾರ ಅನ್ನುತ್ತಿದ್ದರು. ಹಿಡಿದ ಮೀನನ್ನೆಲ್ಲ ಅವನಿಗೇ ಕೊಡಬೇಕು. ಕಿಲೋಗೆ 35 ರೂಪಾಯಿ ಕೂಲಿ. ಅದೇ ಮೀನು ಸಂತೆಯಲ್ಲಿ 130, 140ಕ್ಕೆ ಹೋಗುತ್ತಿತ್ತು. ಅದರ ಮೇಲೆ "ನೀರಿನ ಕಡತ" ಬೇರೆ. ಮೀನಿನ ಮೈಯಲ್ಲಿ ನೀರಿರುತ್ತದೆ ಅಂತ ಹೇಳಿ ಹತ್ತು ಕಿಲೋಗೆ ಒಂದು ಕಿಲೋ ಕಳೆಯುವುದು. ಮನೆಯ ಹೆಂಗಸರು ಮಾರಬೇಕೆಂದರೆ ಗಂಡ ಹಿಡಿದ ಮೀನನ್ನೇ ಸಾವಕಾರನಿಂದ ಸಗಟು ದರಕ್ಕೆ ಕೊಂಡು, ಬುಟ್ಟಿ ಹೊತ್ತು ಸಂತೆಗೆ ಹೋಗಬೇಕು. ಇದನ್ನು ಮೊದಲ ಸಲ ಕೇಳಿದಾಗ ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡು ಇನ್ನೊಮ್ಮೆ ಕೇಳಿದೆ.

ಜನ ಯಾಕೆ ಒಪ್ಪಿಕೊಂಡಿದ್ದರು? ಉಚಲ. ನಮ್ಮ ಕಡೆ ಮುಂಗಡಕ್ಕೆ ಹೀಗೆ ಅನ್ನುತ್ತಾರೆ. ಮಗಳ ಮದುವೆ, ಆಸ್ಪತ್ರೆ, ಹೊಸ ಬಲೆ, ಎಲ್ಲಕ್ಕೂ ಸಾವಕಾರ ಕೈಗೆ ದುಡ್ಡು ಕೊಡುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಕೊಡುತ್ತಿದ್ದ. ಅದನ್ನೂ ಹೇಳಬೇಕು. ಯಾವ ಬ್ಯಾಂಕೂ ಹಾಗೆ ಕೊಡುವುದಿಲ್ಲ. 2018-19ರಲ್ಲೇ ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಸಿಗುವಂತಾಯಿತು. ಆದರೆ ಇಲ್ಲಿ ಅದನ್ನು ಕೇಳಿದವರಿಗೆ ಬ್ಯಾಂಕಿನವರು ಸಂಘದ ಪತ್ರ ತನ್ನಿ ಅಂದಿದ್ದರು. ಸಂಘದಲ್ಲಿ ಇವರ ಹೆಸರೇ ಇರಲಿಲ್ಲ.

ನಮ್ಮ ಮೊದಲ ತಪ್ಪು

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದು ಮನವಿ ಬರೆದೆವು. ನಲವತ್ತೆಂಟು ಜನರ ಸಹಿ, ಹೆಬ್ಬೆಟ್ಟು ಹಾಕಿಸಿದೆವು. ಗುಂಪಾಗಿ ಹೋಗಿ ಕಚೇರಿಗೆ ಕೊಟ್ಟು ಬಂದೆವು. ಅಂದು ಸಂಜೆಯೊಳಗೆ ಅದರ ನಕಲು ಸಾವಕಾರನ ಕೈ ಸೇರಿತ್ತು. ಮರುದಿನ ಬೆಳಿಗ್ಗೆ ಒಂಬತ್ತು ಮನೆಯವರಿಗೆ "ನೀವು ಬಲಿ ಹಾಕಬ್ಯಾಡ್ರಿ, ಮೊದಲ ನಮ್ಮ ಉಚಲ ತಿರುಗಿಸ್ರಿ" ಅಂತ ಹೇಳಿ ಕಳಿಸಿದರು. ಅದರಲ್ಲಿ ನಾಲ್ಕು ಮನೆ ಹದಿನೈದು ದಿನದೊಳಗೆ ಪುಣೆಗೆ ಗುಳೆ ಹೋದವು. ಒಂದು ಮನೆಯ ಹುಡುಗಿ ಏಳನೇ ಕ್ಲಾಸು. ನಡು ವರ್ಷದಲ್ಲಿ ಶಾಲೆ ಬಿಟ್ಟಳು.

ಇದಕ್ಕೆ ನಾನು ಹೊಣೆ. ಸಹಿ ಮಾಡಿದವರು ಮುಂದಿನ ವಾರ ಏನು ಉಣ್ಣುತ್ತಾರೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಸಾಲ ಇದ್ದವರ ಹೆಸರನ್ನು ಸಾಲ ಕೊಟ್ಟವನ ಎದುರು ಪಟ್ಟಿ ಮಾಡಿ ಇಟ್ಟಿದ್ದೆ, ಅಷ್ಟೇ. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಇನ್ನು ಮುಂದೆ ಸಾವಕಾರನ ಬಾಕಿ ಇರುವ ಯಾರ ಹೆಸರೂ ಯಾವ ಅರ್ಜಿಯಲ್ಲೂ ಬರಬಾರದು. ಮಾಹಿತಿ ಹಕ್ಕಿನ ಅರ್ಜಿ ಯಾವ ನಾಗರಿಕನಾದರೂ ಹಾಕಬಹುದು. ಹಾಗಾಗಿ ಅದನ್ನು ನನ್ನ ಹೆಸರಲ್ಲಿ ಹಾಕಿದೆ.

ಅಲ್ಲೂ ಒಂದು ಎಡವಟ್ಟಾಯಿತು. ಅರ್ಜಿಯನ್ನು ನೇರವಾಗಿ ಸಂಘಕ್ಕೇ ಕಳಿಸಿದೆ. "ನಾವು ಸಾರ್ವಜನಿಕ ಪ್ರಾಧಿಕಾರ ಅಲ್ಲ" ಅಂತ ವಾಪಸ್ ಬಂತು. ಅದರಲ್ಲಿ ಅವರದೇನೂ ತಪ್ಪಿಲ್ಲ. ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ: ಸಹಕಾರ ಸಂಘ ಅಂದ ಮಾತ್ರಕ್ಕೆ ಅದು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುವುದಿಲ್ಲ. ಆದರೆ ಸಂಘದಿಂದ ನಿಬಂಧಕರು (ಸಹಕಾರ ಸಂಘಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಅಧಿಕಾರಿ) ಕಾನೂನು ಪ್ರಕಾರ ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರ ಕಚೇರಿಯಿಂದ ಕೇಳಬಹುದು. ಎರಡನೇ ಅರ್ಜಿಯನ್ನು ಅಲ್ಲಿಗೆ ಹಾಕಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಗಡುವು ಮುಗಿಯುವ ಮೊದಲೇ ಸದಸ್ಯರ ಪಟ್ಟಿ, ಗುತ್ತಿಗೆ ಕರಾರಿನ ನಕಲು ಎರಡೂ ಬಂದವು.

ಕರಾರಿನಲ್ಲಿ ಒಂದು ಸಾಲು ಸ್ಪಷ್ಟವಾಗಿತ್ತು. ಸಂಘ ಕೆರೆಯನ್ನು ಬೇರೆಯವರಿಗೆ ಉಪಗುತ್ತಿಗೆ ಕೊಡುವಂತಿಲ್ಲ.

ಪಟ್ಟಿಯನ್ನು ಮುತ್ಯಾರ ಕಟ್ಟೆಯ ಮೇಲೆ ಕೂತು ಓದಿದೆವು. ಒಂದೊಂದೇ ಹೆಸರು ನಾನು ಓದುತ್ತಿದ್ದೆ, ಅವರು ಹೇಳುತ್ತಿದ್ದರು. "ಸತ್ತಾನ." "ಇವ ಕಿರಾಣಿ ಅಂಗಡ್ಯಾವ." "ಸತ್ತಾನ." "ಇಂವ ಕಲಬುರಗಿಗಿ ಹೋಗಿ ಹತ್ತ್ ವರ್ಷಾತು." ಒಟ್ಟು 118 ಸದಸ್ಯರು. ಅದರಲ್ಲಿ 22 ಜನ ತೀರಿಕೊಂಡವರು. ನಿಜವಾಗಿ ಬಲೆ ಹಿಡಿಯುವವರು 27 ಜನ. ಅವರೆಲ್ಲ ಹಳೆಯ ಕಾಲದಲ್ಲಿ ಸೇರಿದ ವಯಸ್ಸಾದವರು. ಹೊಸ ಪೀಳಿಗೆಯ ಒಬ್ಬನೂ ಇಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ.

ಆಯಿಯ ತಂತಿ

ಸಂಘದ ಮೇಲೆ ವಿಚಾರಣೆ ಕೇಳಲು ದಾರಿ ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಪ್ರಕಾರ ಸಂಘದ ಮೂರನೇ ಒಂದು ಭಾಗ ಸದಸ್ಯರು ಕೇಳಿದರೆ ನಿಬಂಧಕರು ವಿಚಾರಣೆ ಮಾಡಿಸಬೇಕು. ನಾವು ಲೆಕ್ಕ ಹಾಕಿದೆವು. 118ಕ್ಕೆ ನಲವತ್ತು ಜನ ಬೇಕು. ಸತ್ತವರನ್ನು ಬಿಟ್ಟು 96ಕ್ಕೆ ಲೆಕ್ಕ ಹಿಡಿದರೂ 32 ಬೇಕು. ನಮ್ಮ ಹತ್ತಿರ ಇದ್ದದ್ದು 27. ಅದರಲ್ಲೂ ಅರ್ಧದಷ್ಟು ಜನ ಸಾವಕಾರನ ಬಾಕಿದಾರರು. ದಾರಿ ಮುಚ್ಚಿತು ಅನ್ನಿಸಿತು.

ಅದೇ ಕಲಮಿನಲ್ಲಿ ಇನ್ನೊಂದು ಬಾಗಿಲಿದೆ. ನಿಬಂಧಕರು ಯಾರೂ ಕೇಳದಿದ್ದರೂ ತಾವೇ ವಿಚಾರಣೆ ಶುರು ಮಾಡಬಹುದು. ಆದರೆ ಹಾಗೆ ಮಾಡಬೇಕಾದರೆ ಅವರ ಮುಂದೆ ಗಟ್ಟಿ ದಾಖಲೆ ಇಡಬೇಕು. ಕೆರೆ ನಡೆಸುತ್ತಿರುವುದು ಸಂಘ ಅಲ್ಲ, ಸಾವಕಾರ ಅಂತ ತೋರಿಸುವ ಕಾಗದ ಎಲ್ಲಿಂದ ತರುವುದು? ಊರಿಗೆಲ್ಲ ಗೊತ್ತಿರುವ ವಿಷಯ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ, ಅಲ್ವಾ?

ಇತ್ತು. ಮುತ್ಯಾರ ಮನೆಯ ಎದುರು ಮನೆಯಲ್ಲಿ ಒಬ್ಬ ಆಯಿ ಇದ್ದಾರೆ. ಅರುವತ್ತು ದಾಟಿದವರು, ಇಂದಿಗೂ ಬುಟ್ಟಿ ಹೊತ್ತು ಸಂತೆ ಮಾಡುವವರು. ಅವರಿಗೆ ಓದಲು ಬರುವುದಿಲ್ಲ, ಅಂಕಿ ಮಾತ್ರ ಗುರುತು ಹಿಡಿಯುತ್ತಾರೆ. ಅವರ ಗಂಡ, ಮಗ ಇಬ್ಬರೂ ಸಾವಕಾರನ ತಕ್ಕಡಿಗೆ ಮೀನು ಹಾಕುವವರು. ಪ್ರತಿ ಸಲ ತೂಕದ ನಂತರ ಒಂದು ಚೀಟಿ ಕೊಡುತ್ತಿದ್ದರು. ಬೇರೆ ಮನೆಗಳಲ್ಲಿ ಆ ಚೀಟಿ ಅಂಗಿ ಜೇಬಲ್ಲೇ ತೊಯ್ದು ಹರಿದು ಹೋಗುತ್ತಿತ್ತು. ಆಯಿ ಮಾತ್ರ ಅಡುಗೆಮನೆಯ ಗೋಡೆಗೆ ಒಂದು ತಂತಿ ಬಾಗಿಸಿ ಹಾಕಿದ್ದರು. ಕಿರಾಣಿ ಅಂಗಡಿಯಲ್ಲಿ ಬಿಲ್ಲು ಚುಚ್ಚುತ್ತಾರಲ್ಲ, ಹಾಗೆ. "ವರ್ಷದ ಕಡೀಗಿ ಲೆಕ್ಕಾ ಮಾಡಾಗ ಮೋಸ ಮಾಡ್ತಾರಂತ ಇಟ್ಟೀನ್ರಿ ಅಕ್ಕಾರ" ಅಂದರು.

ಒಂದು ಸಂಜೆ ಆ ತಂತಿಯನ್ನೇ ಬಿಚ್ಚಿ ಚೀಲದಲ್ಲಿ ಹಾಕಿ ತಂದುಕೊಟ್ಟರು. ಮುನ್ನೂರಕ್ಕೂ ಹೆಚ್ಚು ಚೀಟಿ. ಎರಡೂವರೆ ವರ್ಷದ್ದು. ಪ್ರತಿಯೊಂದರ ನಡುವೆ ತುಕ್ಕಿನ ಕಂದು ತೂತು. ಒಲೆಯ ಹೊಗೆಗೆ ಅಂಚು ಹಳದಿಯಾಗಿತ್ತು. ಕೆಲವಕ್ಕೆ ಮೀನಿನ ಹುರುಪೆ ಅಂಟಿ ಒಣಗಿತ್ತು, ಬೆರಳಲ್ಲಿ ಕಿತ್ತರೆ ಕಾಗದವೂ ಏಳುತ್ತಿತ್ತು. ಮೇಲೆ ಸಾವಕಾರನ ಅಂಗಡಿಯ ರಬ್ಬರ್ ಮೊಹರು. ಕೆಳಗೆ ತಾರೀಖು, ಮೀನುಗಾರನ ಹೆಸರು, ತೂಕ, ಕಡತ, ಕೂಲಿ. ಸಂಘದ ಹೆಸರು ಒಂದರಲ್ಲೂ ಇರಲಿಲ್ಲ. ನೆಲದ ಮೇಲೆ ಹರವಿಕೊಂಡು ತಾರೀಖಿನ ಪ್ರಕಾರ ಜೋಡಿಸುತ್ತಾ ಕೂತಾಗ ರಾತ್ರಿ ಎರಡಾಗಿತ್ತು. ಉಪಗುತ್ತಿಗೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಕೀಲರಿಗೂ ಸಿಗುವುದಿಲ್ಲ ಅಂತ ಆಗ ಗೊತ್ತಾಯಿತು.

ಅರ್ಜಿ ಯಾರ ಹೆಸರಲ್ಲಿ ಹಾಕುವುದು ಅನ್ನುವ ಪ್ರಶ್ನೆ ಮತ್ತೆ ಬಂತು. ಆಯಿ "ನನ್ನ ಹೆಸರ್ಲೆ ಹಾಕ್ರಿ" ಅಂದರು. ಅವರ ಮನೆಯಲ್ಲಿ ಉಚಲ ಇರಲಿಲ್ಲ. ತಂತಿಯ ಲೆಕ್ಕ ಇಟ್ಟಿದ್ದರಿಂದಲೇ ಹಿಂದಿನ ವರ್ಷ ತೀರಿಸಿದ್ದರು. ಇನ್ನೊಂದು ಅನುಕೂಲ ನಮಗೆ ಆಮೇಲೆ ಹೊಳೆಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಅಲೆಯಬೇಕಿಲ್ಲ. ವಕೀಲರು ಬಂದರು. ಅರ್ಜಿ ಅಚ್ಚುಕಟ್ಟಾಯಿತು. ಚೀಟಿಗಳ ನಕಲು, ಸದಸ್ಯರ ಪಟ್ಟಿ, ಸತ್ತವರ ಮರಣ ಪ್ರಮಾಣಪತ್ರ ಸಿಕ್ಕಷ್ಟು ಸೇರಿಸಿ ಕೊಟ್ಟೆವು. ಎರಡು ತಿಂಗಳ ನಂತರ ವಿಚಾರಣಾಧಿಕಾರಿ ಬಂದರು. ಸಂಘದ ನಗದು ಪುಸ್ತಕ ತರಿಸಿದರು. ಮೀನು ಮಾರಾಟದ ಹೆಸರಲ್ಲಿ ವರ್ಷಕ್ಕೆ ಒಂದೇ ನಮೂದು, ಒಂದೇ ಮೊತ್ತ. ದಿನಾ ಮೀನು ಹಿಡಿಯುವ ಕೆರೆಯಲ್ಲಿ ವರ್ಷಕ್ಕೆ ಒಂದೇ ಸಲ ಹೇಗೆ ಮಾರಾಟ ಆಗುತ್ತದೆ?

ಗುತ್ತಿಗೆ ರದ್ದು ಮಾಡಿಸಬೇಕಾ?

ಈ ಪ್ರಕರಣದಲ್ಲಿ ನನಗೆ ಬಹಳ ಕಲಿಸಿದ್ದು ಈ ಪ್ರಶ್ನೆ. ಹುಡುಗರಿಗೆ ಹುರುಪು ಬಂದಿತ್ತು. ಷರತ್ತು ಮುರಿದಿದ್ದಾರೆ, ಗುತ್ತಿಗೆ ರದ್ದು ಮಾಡಿಸೋಣ ಅಂದರು. ನಾನೂ ಅದೇ ಸರಿ ಅಂದುಕೊಂಡಿದ್ದೆ. ಮುತ್ಯಾ ಬೇಡ ಅಂದರು. "ಈಗ ರದ್ದಾತಂದ್ರ ಹರಾಜ್ ಆಗ್ತದ. ಹರಾಜಿಗಿ ನಿಮ್ಮ ಬಲ್ಲಿ ರೊಕ್ಕ ಅದ ಏನು? ಇವ ಹೋಗಿ ಮತ್ತೊಬ್ಬ ಬರ್ತಾನ."

ಅವರ ಮಾತು ನೂರಕ್ಕೆ ನೂರು ಸರಿ. ಗುತ್ತಿಗೆಯಲ್ಲಿ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು. ಸಂಘಕ್ಕೆ ಆದ್ಯತೆ ಅನ್ನುವುದೇ ಈ ಜನರ ಕೈಯಲ್ಲಿದ್ದ ಒಂದೇ ಆಸ್ತಿ. ಸಂಘ ಕೆಟ್ಟ ಹೆಸರು ತೆಗೆದುಕೊಂಡು ಗುತ್ತಿಗೆ ಕಳೆದುಕೊಂಡರೆ ಆ ಆಸ್ತಿಯೂ ಹೋಗುತ್ತಿತ್ತು. ಹಾಗಾಗಿ ಕೇಳಿಕೆಯನ್ನು ಬದಲಿಸಿದೆವು. ರದ್ದು ಕೇಳಲಿಲ್ಲ. ಮೊದಲು ಸದಸ್ಯರ ಪಟ್ಟಿ ಸರಿ ಮಾಡಿಸಿ, ಆಮೇಲೆ ಚುನಾವಣೆ ನಡೆಸಿ, ಮುಂದಿನ ಗುತ್ತಿಗೆಗೆ ಹೊಸ ಸಂಘ ಅರ್ಜಿ ಹಾಕಲಿ ಅಂತ ಕೇಳಿದೆವು.

ಅಷ್ಟರಲ್ಲಿ ಸಾವಕಾರನಿಂದ ಹೇಳಿಕಳಿಸಿದ ಮಾತು ಬಂತು. ಕೂಲಿ 35ರಿಂದ 50 ಮಾಡುತ್ತೇನೆ, ನೀರಿನ ಕಡತ ಬಿಡುತ್ತೇನೆ. ಜನವರಿ 21, ಅಂಬಿಗರ ಚೌಡಯ್ಯ ಜಯಂತಿಯ ದಿನ. ಮೆರವಣಿಗೆ ಮುಗಿದ ಮೇಲೆ ಗುಡಿಯ ಮುಂದೆ ಎಲ್ಲರೂ ಕೂತರು. ಎರಡು ಪಾಲಾಗುತ್ತಾರೆ ಅಂತ ಹೆದರಿದ್ದೆ. ಬೇಡ ಅನ್ನುವವರು ಜೋರಾಗಿಯೇ ಇದ್ದರು. ಆಗ ತೀರಿಕೊಂಡವನ ಹೆಂಡತಿ ಎದ್ದು ನಿಂತು ಮಾತಾಡಿದಳು. ಕೂಲಿ ಹೆಚ್ಚಿಗೆ ಕೊಟ್ಟರೆ ತೆಗೆದುಕೊಳ್ಳಿ, ಅದು ನಿಮ್ಮ ದುಡಿಮೆಯದೇ. ಅರ್ಜಿ ಮಾತ್ರ ಹಿಂದಕ್ಕೆ ತೆಗೆಯಬೇಡಿ. ಇಷ್ಟೇ ಹೇಳಿದ್ದು. ಹಾಗೇ ಆಯಿತು. ಹೆಚ್ಚಿನ ಕೂಲಿ ತೆಗೆದುಕೊಂಡರು, ಆ ಹದಿನೈದು ರೂಪಾಯಿಯನ್ನು ಉಚಲ ತೀರಿಸಲು ಹಾಕಿದರು. ಹೋರಾಟ ಅಂದರೆ ಎಲ್ಲವನ್ನೂ ತಿರಸ್ಕರಿಸುವುದು ಅಂತ ತಿಳಿದಿದ್ದ ನನಗೆ ಇದು ಹೊಳೆದಿರಲೇ ಇಲ್ಲ.

ಮೀನು ಮಾರುವವರು ಮೀನುಗಾರರಾ?

ವಿಚಾರಣೆಯ ನಂತರ ಪಟ್ಟಿ ಪರಿಷ್ಕರಣೆ ಶುರುವಾಯಿತು. ಆಯಿ ಮೊದಲನೆಯವರಾಗಿ ಸದಸ್ಯತ್ವಕ್ಕೆ ಅರ್ಜಿ ಕೊಟ್ಟರು. ಸಂಘದ ಕಾರ್ಯದರ್ಶಿ ವಾಪಸ್ ಮಾಡಿದರು. ಮೀನು ಹಿಡಿಯುವವರಿಗೆ ಮಾತ್ರ ಅಂದರು. ಸಂಘದ ಒಳನಿಯಮಗಳಾದ ಬೈಲಾ ತೆಗೆದು ನೋಡಿದರೆ ಅದರಲ್ಲಿ "ಹಿಡಿಯುವವರು" ಅಂತ ಇರಲಿಲ್ಲ. "ಮೀನುಗಾರಿಕೆಯನ್ನು ಜೀವನೋಪಾಯ ಮಾಡಿಕೊಂಡವರು" ಅಂತ ಇತ್ತು. ಬಲೆ ಹೆಣೆಯುವುದು, ಮೀನು ಸೋಸುವುದು, ಒಣಗಿಸುವುದು, ಸಂತೆಯಲ್ಲಿ ಮಾರುವುದು ಮೀನುಗಾರಿಕೆ ಅಲ್ಲದೆ ಮತ್ತೇನು?

ವಕೀಲರು ಇಲ್ಲಿ ಒಂದು ಒಳ್ಳೆಯ ಆಧಾರ ಕೊಟ್ಟರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಪ್ರಮಾಣದ ಮೀನುಗಾರಿಕೆಗೆ ಮಾರ್ಗಸೂಚಿ ತಂದಿದೆ. ಅದು ಸಮುದ್ರಕ್ಕೆ ಮಾತ್ರ ಅಲ್ಲ, ಕೆರೆ, ಹೊಳೆಗಳಿಗೂ ಅನ್ವಯ. ಹಿಡಿಯುವ ಮೊದಲಿನ ಕೆಲಸ, ಹಿಡಿದ ನಂತರದ ಕೆಲಸ ಎಲ್ಲವನ್ನೂ ಮೀನುಗಾರಿಕೆ ಅಂತಲೇ ಎಣಿಸುತ್ತದೆ, ಹೆಂಗಸರ ಪಾಲನ್ನು ಹೆಸರಿಸಿ ಹೇಳುತ್ತದೆ. ಅದು ನಮ್ಮಲ್ಲಿ ಕಾನೂನಲ್ಲ, ಕೋರ್ಟಿನಲ್ಲಿ ಒಂದೇ ಏಟಿಗೆ ಗೆಲ್ಲಿಸುವುದಿಲ್ಲ. ಆದರೆ ಬೈಲಾದ ಒಂದು ಪದವನ್ನು ಹೇಗೆ ಓದಬೇಕು ಅನ್ನುವ ಚರ್ಚೆಯಲ್ಲಿ ಅದಕ್ಕೆ ತೂಕ ಬಂತು. ಹದಿನೇಳು ಹೆಂಗಸರು ಸದಸ್ಯರಾದರು. ತೀರಿಕೊಂಡವನ ಹೆಂಡತಿಯೂ ಒಬ್ಬಳು.

ಸದಸ್ಯತ್ವಕ್ಕೆ ಪುರಾವೆಯಾಗಿ ಏನು ತರಬೇಕು ಅಂತ ಕಚೇರಿಯವರು ಕೇಳಿದಾಗ ಮತ್ತೆ ಅವೇ ಚೀಟಿಗಳು ಬಳಕೆಗೆ ಬಂದವು. ಬೇರೆ ಮನೆಯವರೂ ಹುಡುಕಿ ಹುಡುಕಿ ತಂದರು. ಒಬ್ಬ ಹುಡುಗ ತಗಡಿನ ಡಬ್ಬಿಯ ತಳದಲ್ಲಿ ಹಾಸಿದ್ದ ನಾಲ್ಕು ಚೀಟಿ ತಂದ. ಕೂಲಿಯವರೆಂದು ಬರೆದುಕೊಟ್ಟ ಕಾಗದವೇ ಅವರನ್ನು ಸದಸ್ಯರನ್ನಾಗಿ ಮಾಡಿತು.

ಈಗ ಎಲ್ಲಿಗೆ ಬಂದಿದೆ

ಚುನಾವಣೆ ಆಯಿತು. ಹೊಸ ಆಡಳಿತ ಮಂಡಳಿಯಲ್ಲಿ ಬಲೆ ಹಿಡಿಯುವವರೇ ಹೆಚ್ಚು. ಮುಂದಿನ ಐದು ವರ್ಷದ ಗುತ್ತಿಗೆ ಸಂಘಕ್ಕೇ ಸಿಕ್ಕಿತು. ಆದರೆ ಮೊದಲ ವರ್ಷ ಬಹಳ ಕಷ್ಟವಾಯಿತು. ಗುತ್ತಿಗೆ ಹಣ ಹೇಗೋ ಮನೆಗಿಷ್ಟು ಅಂತ ಹಾಕಿ ಕಟ್ಟಿದರು. ಮೀನುಮರಿಗೆ ದುಡ್ಡು ಉಳಿಯಲಿಲ್ಲ. ಕಡಿಮೆ ಬೆಲೆಗೆ ಸಿಕ್ಕ ತೀರಾ ಸಣ್ಣ ಮರಿ ತಂದು ಬಿಟ್ಟರು. ಕೊರಮೀನು ಇರುವ ಕೆರೆಯಲ್ಲಿ ಸಣ್ಣ ಮರಿ ಬಿಟ್ಟರೆ ಅದು ಕೊರಮೀನಿಗೆ ಊಟ. ಆ ವರ್ಷ ಫಸಲು ಅರ್ಧಕ್ಕಿಂತ ಕಡಿಮೆ. ಎರಡನೇ ವರ್ಷ ಕೆಲವರಿಗೆ ಕಿಸಾನ್ ಕಾರ್ಡಿನ ಸಾಲ ಸಿಕ್ಕಿತು. ಬೆರಳುದ್ದ ಬೆಳೆದ ಮರಿ ತಂದರು, ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ ಅಂತ. ಕಾಟ್ಲಾ ಚೆನ್ನಾಗಿ ಬಂತು. ಮೊಟ್ಟೆ ಇಡುವ ಮಳೆಗಾಲದ ಶುರುವಿನಲ್ಲಿ ಬಲೆ ಹಾಕಬಾರದು, ಸಣ್ಣ ಕಣ್ಣಿನ ಬಲೆ ಕೆರೆಗೆ ಇಳಿಯಬಾರದು ಅಂತ ತಾವೇ ನಿಯಮ ಮಾಡಿಕೊಂಡರು. ಮೊದಲ ದಂಡ ಬಿದ್ದದ್ದು ಆಡಳಿತ ಮಂಡಳಿಯ ಸದಸ್ಯನ ತಮ್ಮನಿಗೆ. ಕಟ್ಟಿದ.

ಉಚಲ ಇನ್ನೂ ಪೂರ್ತಿ ತೀರಿಲ್ಲ. ಹನ್ನೊಂದು ಮನೆ ಈಗಲೂ ಮೀನನ್ನು ಸಾವಕಾರನಿಗೇ ಕೊಡುತ್ತವೆ, ಸಂಘದ ದರಕ್ಕಿಂತ ಕಡಿಮೆಗೆ. ಸಂಘ ಅದಕ್ಕೆ ದಂಡ ಹಾಕಬಾರದು ಅಂತ ನಾನು ಹೇಳಿದ್ದೇನೆ. ಸಾಲದಲ್ಲಿದ್ದವರಿಗೆ ದಂಡ ಹಾಕಿದರೆ ನಮ್ಮ ಮೊದಲ ಮನವಿಯ ತಪ್ಪನ್ನೇ ಮತ್ತೆ ಮಾಡಿದಂತೆ. ಪುಣೆಗೆ ಹೋದ ನಾಲ್ಕರಲ್ಲಿ ಮೂರು ಮನೆ ವಾಪಸ್ ಬಂದಿವೆ. ಆ ಹುಡುಗಿ ಶಾಲೆಗೆ ಮರಳಲಿಲ್ಲ.

ತೀರಿಕೊಂಡವನ ಮನೆಗೆ ವಿಮೆ ಹಣ ಬರಲಿಲ್ಲ. ಸತ್ತ ದಿನ ಪಟ್ಟಿಯಲ್ಲಿ ಹೆಸರಿರಲಿಲ್ಲ, ಹಿಂದಿನ ತಾರೀಖಿಗೆ ಸೇರಿಸಲು ಬರುವುದಿಲ್ಲ ಅಂದರು. ಮೇಲಿನ ಹಂತಕ್ಕೆ ಬರೆದ ಅರ್ಜಿಗೂ ಅದೇ ಉತ್ತರ ಬಂತು. ಈಗ ಸಂಘದ ತಕ್ಕಡಿಯ ಹತ್ತಿರ ಕೂತು ಚೀಟಿ ಬರೆಯುವವಳು ಅವನ ಹೆಂಡತಿ. ಎರಡು ಪ್ರತಿ ಬರೆಯುತ್ತಾಳೆ. ಒಂದು ಮೀನುಗಾರನಿಗೆ, ಒಂದು ಸಂಘಕ್ಕೆ. ವಿಮೆಯ ಪಟ್ಟಿಯನ್ನು ಪ್ರತಿ ವರ್ಷ ಕಳಿಸುವ ಮೊದಲು ಗುಡಿಯ ಮುಂದೆ ಜೋರಾಗಿ ಓದಬೇಕು ಅಂತ ಅವಳೇ ಸಭೆಯಲ್ಲಿ ಹೇಳಿ ಠರಾವು ಮಾಡಿಸಿದಳು. ಹೋದ ವರ್ಷ ಹಾಗೆ ಓದುವಾಗ ಮೂರು ಹೆಸರು ಬಿಟ್ಟುಹೋಗಿದ್ದು ಸಿಕ್ಕಿತು.